ಕಾಲೇಜು ಬೇಸ್‌ಬಾಲ್ ಕೋಚ್‌ಗಳನ್ನು ಬದಲಿಸಬೇಕೇ? ಅಭಿಮಾನಿಗಳು ವಾದಕ್ಕಿಳಿಯುವ ಮುನ್ನ ನೋಡಬೇಕಾದ ಲೆಕ್ಕಗಳು

2022ರ ಮೇ ಆರಂಭದಲ್ಲಿ, ಎಲ್ಲರೂ ಓಲ್ ಮಿಸ್ ಎಂದು ಕರೆಯುವ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡ ಎಸ್‌ಇಸಿ ಕಾನ್ಫರೆನ್ಸ್‌ನಲ್ಲಿ (ಅಮೆರಿಕದ ಆಗ್ನೇಯ ಭಾಗದ ವಿಶ್ವವಿದ್ಯಾಲಯಗಳ ಲೀಗ್) 7 ಪಂದ್ಯ ಗೆದ್ದು 14 ಸೋತಿತ್ತು. 2001ರಿಂದ ಹೆಡ್ ಕೋಚ್ ಆಗಿದ್ದ ಮೈಕ್ ಬಿಯಾಂಕೊ ಅವರನ್ನು ಕಳುಹಿಸಬೇಕೆಂಬ ಕೂಗು ಜೋರಾಗಿದ್ದರೂ ವಿಶ್ವವಿದ್ಯಾಲಯ ಅವರನ್ನು ಉಳಿಸಿಕೊಂಡಿತು. 64 ತಂಡಗಳ ರಾಷ್ಟ್ರೀಯ ಟೂರ್ನಿಯೊಳಗೆ ಹೇಗೋ ನುಸುಳಿದ ಅದೇ ತಂಡ ಜೂನ್‌ನಲ್ಲಿ ಒಮಾಹಾದಲ್ಲಿ ಒಕ್ಲಹೋಮವನ್ನು ಸೋಲಿಸಿ ಚಾಂಪಿಯನ್ ಆಯಿತು. ಮೂರು ವರ್ಷದ ನಂತರ, 2025ರ ಏಪ್ರಿಲ್ ಕೊನೆಯಲ್ಲಿ, ಅದೇ ರಾಜ್ಯದ ಎದುರಾಳಿ ಮಿಸಿಸಿಪ್ಪಿ ಸ್ಟೇಟ್ ತಂಡದ ಲೆಕ್ಕವೂ 7-14 ಆಗಿತ್ತು. 2021ರಲ್ಲಿ ಆ ಸಂಸ್ಥೆಗೆ ಪ್ರಶಸ್ತಿ ತಂದುಕೊಟ್ಟಿದ್ದ ಕ್ರಿಸ್ ಲೆಮೋನಿಸ್ ಅವರನ್ನು ಋತುವಿನ ನಡುವೆಯೇ ತೆಗೆದುಹಾಕಲಾಯಿತು. ತಂಡ ಉಳಿದ ಪಂದ್ಯಗಳಲ್ಲಿ ಚೇತರಿಸಿಕೊಂಡು 15-15ಕ್ಕೆ ಮುಗಿಸಿ ಟೂರ್ನಿಗೂ ಹೋಯಿತು.

ಕೋಚ್ ಬದಲಾವಣೆಯ ಚರ್ಚೆಗೆ ಕೂರುವವರು ಈ ಎರಡು ಪ್ರಸಂಗಗಳನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ತಾಳ್ಮೆಯ ಪರ ಇರುವವರು ಮೊದಲನೆಯದನ್ನು ಎತ್ತಿ ಹಿಡಿಯುತ್ತಾರೆ, ಬದಲಾವಣೆಯ ಪರ ಇರುವವರು ಎರಡನೆಯದನ್ನು. ಆದರೆ ಗೆಲುವು ಸೋಲಿನ ಒಂದೇ ಅಂಕಿಯಿಂದ ಎರಡು ವಿರುದ್ಧ ತೀರ್ಮಾನಗಳು ಹುಟ್ಟಿ, ಎರಡೂ ಆ ವರ್ಷಕ್ಕೆ ಫಲ ಕೊಟ್ಟಿರುವಾಗ, ಆ ಅಂಕಿಯೊಂದನ್ನೇ ಹಿಡಿದು ವಾದಿಸುವುದರಲ್ಲಿ ಅರ್ಥವಿಲ್ಲ.

ಆದ್ದರಿಂದ ಮೊದಲು ಯಾರನ್ನು ಬದಲಿಸಬೇಕು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ. 2023ರ ಜುಲೈವರೆಗೆ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್ ಒಂದರ ತಂಡಗಳಲ್ಲಿ ಹೆಡ್ ಕೋಚ್ ಜೊತೆಗೆ ಸಂಬಳದ ಇಬ್ಬರು ಸಹಾಯಕರು ಹಾಗೂ ಸಂಬಳವಿಲ್ಲದ ಒಬ್ಬ ಸ್ವಯಂಸೇವಕ ಕೋಚ್ ಇರುತ್ತಿದ್ದರು. ಈಗ ಮೂವರು ಸಹಾಯಕರಿಗೂ ಸಂಬಳ ಕೊಡಬಹುದು. ಸಾಮಾನ್ಯವಾಗಿ ಒಬ್ಬರು ಪಿಚಿಂಗ್ (ಚೆಂಡೆಸೆತ), ಒಬ್ಬರು ಹಿಟ್ಟಿಂಗ್ (ಬ್ಯಾಟಿಂಗ್) ನೋಡಿಕೊಂಡರೆ, ಹೈಸ್ಕೂಲ್ ಹುಡುಗರನ್ನು ಹುಡುಕಿ ತರುವ ರಿಕ್ರೂಟಿಂಗ್ ಹೊಣೆ ಇನ್ನೊಬ್ಬರ ಮೇಲಿರುತ್ತದೆ. ರನ್ ಗಳಿಕೆ ಚೆನ್ನಾಗಿದ್ದು ಪಿಚಿಂಗ್ ಮಾತ್ರ ಕುಸಿದಿರುವ ತಂಡದಲ್ಲಿ ಎಲ್ಲರನ್ನೂ ಮನೆಗೆ ಕಳುಹಿಸಿ ಎನ್ನುವುದು ಅವಸರದ ಮಾತು. ಮಿಸಿಸಿಪ್ಪಿ ಸ್ಟೇಟ್ ಕೂಡ ಮೊದಲು ಈ ಸಣ್ಣ ಮದ್ದನ್ನೇ ಪ್ರಯತ್ನಿಸಿತ್ತು: 2022 ಮತ್ತು 2023ರ ಕಳಪೆ ಋತುಗಳ ಬಳಿಕ ಜಸ್ಟಿನ್ ಪಾರ್ಕರ್ ಅವರನ್ನು ಹೊಸ ಪಿಚಿಂಗ್ ಕೋಚ್ ಆಗಿ ಕರೆತಂದಿತು, 2024ರಲ್ಲಿ ತಂಡ ಮತ್ತೆ ಟೂರ್ನಿಗೆ ಮರಳಿತು. ಮರುವರ್ಷ ಲೆಮೋನಿಸ್ ಹೋದಾಗ ತಾತ್ಕಾಲಿಕ ಹೊಣೆ ವಹಿಸಿಕೊಂಡವರೂ ಅದೇ ಪಾರ್ಕರ್.

ಇನ್ನು ಫಲಿತಾಂಶಗಳನ್ನು ಓದುವ ಬಗೆ. ಋತುವಿನಲ್ಲಿ 56 ಪಂದ್ಯಗಳಿದ್ದರೂ ಅವೆಲ್ಲ ಒಂದೇ ತೂಕದವಲ್ಲ. ಎಸ್‌ಇಸಿಯಲ್ಲಿ ಹತ್ತು ವಾರಾಂತ್ಯಗಳಲ್ಲಿ ಮೂರು ಮೂರರಂತೆ ನಡೆಯುವ 30 ಪಂದ್ಯಗಳೇ ನಿಜವಾದ ಅಳತೆಗೋಲು. ವಾರದ ನಡುವಿನ ಪಂದ್ಯಗಳಲ್ಲಿ ಪ್ರಮುಖ ಪಿಚರ್‌ಗಳಿಗೆ ವಿಶ್ರಾಂತಿ ಕೊಟ್ಟು ಹೊಸಬರನ್ನು ಪರೀಕ್ಷಿಸುವುದೇ ರೂಢಿ. ಮಂಗಳವಾರ ರಾತ್ರಿ ಸಣ್ಣ ಕಾಲೇಜೊಂದಕ್ಕೆ ಸೋತಾಗ ಕೋಪ ಬರುವುದು ಸಹಜ, ಆದರೆ ಕೋಚ್‌ನ ಭವಿಷ್ಯವನ್ನು ಅದೇ ರಾತ್ರಿ ಬರೆಯಬೇಡಿ. ಎಷ್ಟು ವಾರಾಂತ್ಯದ ಸರಣಿಗಳನ್ನು ಗೆದ್ದರು, ಒಂದೇ ರನ್ ಅಂತರದಲ್ಲಿ ಎಷ್ಟು ಸೋತರು, ಹೊಡೆದ ರನ್‌ಗೂ ಬಿಟ್ಟುಕೊಟ್ಟ ರನ್‌ಗೂ ಇರುವ ವ್ಯತ್ಯಾಸವೆಷ್ಟು ಎಂಬುದನ್ನು ಕನಿಷ್ಠ ಮೂರು ಋತುಗಳಿಗೆ ಪಕ್ಕಪಕ್ಕದಲ್ಲಿಟ್ಟು ನೋಡಿ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಹೆಚ್ಚು ಮಾತಾಡುವುದು ಪುಕ್ಕಟೆಯಾಗಿ ಕೊಟ್ಟ ಬೇಸ್‌ಗಳ (ರನ್ ಗಳಿಸಲು ಆಟಗಾರ ಒಂದೊಂದಾಗಿ ತಲುಪಬೇಕಾದ ನೆಲೆಗಳು) ಲೆಕ್ಕ: ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಸಿಗುವ ಮೊದಲ ಬೇಸ್), ಹಿಟ್ ಬೈ ಪಿಚ್ (ಎಸೆತ ಬ್ಯಾಟರ್ ಮೈಗೆ ತಗಲುವುದು), ವೈಲ್ಡ್ ಪಿಚ್ (ಕ್ಯಾಚರ್ ಹಿಡಿಯಲಾಗದಷ್ಟು ದಾರಿ ತಪ್ಪಿದ ಎಸೆತ). ಚೆಂಡು ಫೀಲ್ಡರ್ ಕೈಗೆ ಸಿಗುವುದರಲ್ಲಿ ಅದೃಷ್ಟದ ಪಾಲಿದೆ. ಇಡೀ ಪಿಚಿಂಗ್ ಪಡೆ ವರ್ಷದಿಂದ ವರ್ಷಕ್ಕೆ ವಾಕ್‌ಗಳನ್ನು ಹಂಚುತ್ತಿದ್ದರೆ ಅದು ಆಯ್ಕೆ ಮತ್ತು ತರಬೇತಿಯ ದೋಷ.

ಕ್ರಿಕೆಟ್ ನೋಡಿ ಬೆಳೆದು ಅಮೆರಿಕಕ್ಕೆ ಓದಲು ಹೋದ ಕನ್ನಡಿಗರು ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ಕ್ರಿಕೆಟ್‌ನಲ್ಲಿ ಬೌಲರ್ ಬದಲಿಸುವವನು ಮೈದಾನದೊಳಗಿನ ನಾಯಕ, ಬೇಸ್‌ಬಾಲ್‌ನಲ್ಲಿ ಆ ಅಧಿಕಾರ ಪೂರ್ತಿಯಾಗಿ ಮೈದಾನದ ಅಂಚಿನ ಡಗೌಟ್‌ನಲ್ಲಿ ಕೂತಿರುವ ಕೋಚ್‌ಗಳದು. ಹಾಗಾಗಿ ಶುಕ್ರವಾರದ ಪಂದ್ಯವೊಂದಕ್ಕೆ ಹೋದಾಗ ಆರನೇ ಇನಿಂಗ್‌ನಿಂದ ಬುಲ್‌ಪೆನ್ ಕಡೆಗೆ, ಅಂದರೆ ಬದಲಿ ಪಿಚರ್‌ಗಳು ಸಿದ್ಧರಾಗುವ ಜಾಗದ ಕಡೆಗೆ ಕಣ್ಣಿಡಿ. ಸ್ಟಾರ್ಟರ್ (ಪಂದ್ಯ ಆರಂಭಿಸುವ ಪಿಚರ್) ತೊಂಬತ್ತು ಎಸೆತ ದಾಟಿ ಮೊದಲ ಬ್ಯಾಟರ್‌ಗೆ ವಾಕ್ ಕೊಟ್ಟಾಗ ಅಲ್ಲಿ ಯಾರಾದರೂ ತೋಳು ಬಿಸಿ ಮಾಡಿಕೊಳ್ಳುತ್ತಿದ್ದರೇ, ಅಥವಾ ಇಬ್ಬರು ಬೇಸ್ ತಲುಪಿದ ಮೇಲೆ ಗಡಿಬಿಡಿಯಲ್ಲಿ ಎದ್ದರೇ, ಎಡಗೈ ಬ್ಯಾಟರ್ ಬರುವ ಹೊತ್ತಿಗೆ ಎಡಗೈ ಪಿಚರ್ ಸಿದ್ಧನಿದ್ದನೇ ಎಂಬುದನ್ನು ಬರೆದುಕೊಳ್ಳಿ. ಹೀಗೆ ಕೆಲವು ವಾರ ಬರೆದಿಟ್ಟರೆ, ಯೋಜನೆಯೇ ಇಲ್ಲದ ತಂಡ ಯಾವುದು, ಯೋಜನೆಯಿದ್ದೂ ಸೋತ ತಂಡ ಯಾವುದು ಎಂಬುದು ಬೇರೆಯಾಗಿ ಕಾಣುತ್ತದೆ. ಓಲ್ ಮಿಸ್ 2022ರಲ್ಲಿ ಸೋಲುತ್ತಿದ್ದಾಗಲೇ ಬುಲ್‌ಪೆನ್‌ನಲ್ಲಿದ್ದ ಡಿಲನ್ ಡೆಲೂಸಿಯಾ ಅವರನ್ನು ಸ್ಟಾರ್ಟರ್ ಮಾಡಿ, ಮೊದಲ ವರ್ಷದ ಎಡಗೈ ಪಿಚರ್ ಹಂಟರ್ ಎಲಿಯಟ್ ಅವರನ್ನು ಡೆಲೂಸಿಯಾ ನಂತರದ ಸ್ಟಾರ್ಟರ್ ಆಗಿ ನಿಲ್ಲಿಸಿತ್ತು. ಒಮಾಹಾದಲ್ಲಿ ಶ್ರೇಷ್ಠ ಆಟಗಾರನೆನಿಸಿದ್ದು ಡೆಲೂಸಿಯಾ. 7-14ರ ಅಂಕಿಯ ಒಳಗೆ ಈ ಕೆಲಸ ನಡೆದಿತ್ತು, ಗಮನಿಸಿದವರು ಕಡಿಮೆ.

ಕೋಚ್‌ಗಳ ಕೈಯಲ್ಲಿ ಎಂಥ ತಂಡವಿತ್ತು ಎಂಬುದನ್ನೂ ಕೇಳಿಕೊಳ್ಳಿ. ಒಪ್ಪಿಗೆ ಕೊಟ್ಟ ಪ್ರತಿಭಾವಂತ ಹೈಸ್ಕೂಲ್ ಆಟಗಾರ ಜುಲೈ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವ ಪ್ರಕ್ರಿಯೆ) ಆಯ್ಕೆಯಾಗಿ ವೃತ್ತಿಪರ ತಂಡಕ್ಕೆ ಸಹಿ ಹಾಕಿ ಕಾಲೇಜಿಗೆ ಬಾರದೇ ಹೋಗಬಹುದು. ಬಂದವರಲ್ಲಿ ಒಳ್ಳೆಯವರು ಮೂರು ವರ್ಷ ಮುಗಿಸಿ ಹೊರಡುತ್ತಾರೆ. ಮೊಣಕೈ ಶಸ್ತ್ರಚಿಕಿತ್ಸೆಯಾದ ಪಿಚರ್ ಸಾಮಾನ್ಯವಾಗಿ ಒಂದು ಋತುವನ್ನಾದರೂ ಕಳೆದುಕೊಳ್ಳುತ್ತಾನೆ. 2024-25ರವರೆಗೆ ಇಡೀ ತಂಡಕ್ಕೆ 11.7 ವಿದ್ಯಾರ್ಥಿವೇತನಗಳನ್ನು ಹಂಚಬೇಕಿತ್ತು. ಕಾಲೇಜು ಆಟಗಾರರಿಗೆ ಹಣ ಕೊಡುವ ಕುರಿತ ಹೌಸ್ ಮೊಕದ್ದಮೆಯ ರಾಜಿಯನ್ನು ಒಪ್ಪಿದ ಸಂಸ್ಥೆಗಳಲ್ಲಿ ಆ ಮಿತಿ ಹೋಗಿ 34 ಆಟಗಾರರ ಮಿತಿ ಬಂದಿದೆ. ಹಣವಿರುವ ಸಂಸ್ಥೆಯ ಕೋಚ್‌ಗೆ ಹಳೆಯ ನೆಪ ಇನ್ನು ಸಲ್ಲುವುದಿಲ್ಲ.

ಖರ್ಚಿನ ಮಾತು ಚರ್ಚೆಯಲ್ಲಿ ಕೊನೆಗೆ ಬರುತ್ತದೆ, ಆದರೆ ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಮೇಜಿನ ಮೇಲೆ ಅದೇ ಮೊದಲು. ಸರ್ಕಾರಿ ವಿಶ್ವವಿದ್ಯಾಲಯಗಳ ಕೋಚ್ ಒಪ್ಪಂದಗಳನ್ನು ಸಾಮಾನ್ಯವಾಗಿ ಮಾಹಿತಿ ಕಾನೂನಿನಡಿ ಪಡೆದು ಓದಬಹುದು. ಅವಧಿ ಎಷ್ಟು ಉಳಿದಿದೆ, ಮೊದಲೇ ತೆಗೆದರೆ ಕೊಡಬೇಕಾದ ಪರಿಹಾರ ಮೊತ್ತ (ಬೈಔಟ್) ಎಷ್ಟು, ಬೇರೆಡೆ ಕೆಲಸ ಸಿಕ್ಕರೆ ಆ ಮೊತ್ತ ಇಳಿಯುತ್ತದೆಯೇ, ಸಹಾಯಕರ ಒಪ್ಪಂದಗಳು ಯಾವಾಗ ಮುಗಿಯುತ್ತವೆ ಎಂಬ ನಾಲ್ಕು ವಿಷಯ ನೋಡಿದರೆ ಸಾಕು. ಮಿಸಿಸಿಪ್ಪಿಯಲ್ಲಿ ಇಂಥ ಒಪ್ಪಂದ ನಾಲ್ಕು ವರ್ಷ ಮೀರುವಂತಿಲ್ಲವಾದ್ದರಿಂದ ಲೆಕ್ಕ ಸುಲಭ.

ತೆಗೆದ ಮೇಲೆ ಯಾರು ಬರುತ್ತಾರೆ? ಮಿಸಿಸಿಪ್ಪಿ ಸ್ಟೇಟ್‌ಗೆ 2015ರಲ್ಲಿ ವರ್ಜೀನಿಯಾಗೆ ಪ್ರಶಸ್ತಿ ಗೆದ್ದುಕೊಟ್ಟ ಬ್ರಯಾನ್ ಓ'ಕಾನರ್ ಸಿಕ್ಕರು. ದೊಡ್ಡ ಕ್ರೀಡಾಂಗಣ, ಜನ, ದುಡ್ಡು ಮೂರೂ ಇದ್ದ ಊರಿಗೆ ಅಂಥವರು ಬರುತ್ತಾರೆ, ಎಲ್ಲ ಊರಿಗೂ ಬರುವುದಿಲ್ಲ. ಹೆಡ್ ಕೋಚ್ ಹೋದಾಗ ಆಟಗಾರರಿಗೆ ಬೇರೆ ಕಾಲೇಜಿಗೆ ಹೋಗಲು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್‌ನ ಬಾಗಿಲು ತೆರೆಯುವುದರಿಂದ, ನಿಮ್ಮ ಅತ್ಯುತ್ತಮ ಪಿಚರ್ ಜುಲೈಯೊಳಗೆ ಎದುರಾಳಿಯ ಅಂಗಿ ತೊಟ್ಟಿರಬಹುದು. ಬದಲಾವಣೆ ಬೇಕೆನ್ನುವವರು ನಿಜವಾಗಿ ಬರಬಲ್ಲ ಇಬ್ಬರು ಮೂವರ ಹೆಸರು ಹೇಳಲಾರದಿದ್ದರೆ ಅವರ ವಾದ ಅರ್ಧಕ್ಕೇ ನಿಂತಿದೆ ಎಂದೇ ಲೆಕ್ಕ.

ಇಷ್ಟಾದ ಮೇಲೂ ಹಳೆಯ ಪ್ರಶಸ್ತಿಯನ್ನು ಗುರಾಣಿಯಾಗಿ ಹಿಡಿಯುವವರು ಸಿಗುತ್ತಾರೆ. ಚಾಂಪಿಯನ್ ಆದ ಮರುವರ್ಷವೇ ಓಲ್ ಮಿಸ್ ಕಾನ್ಫರೆನ್ಸ್‌ನಲ್ಲಿ 6-24ಕ್ಕೆ ಇಳಿಯಿತು ಎಂಬುದನ್ನು ಅವರಿಗೆ ನೆನಪಿಸಿ. ಅದರ ಬಳಿಕವೂ ಬಿಯಾಂಕೊ ಉಳಿದರು ಎಂಬುದನ್ನು ಎದುರು ಬಣಕ್ಕೆ ನೆನಪಿಸಿ. ಟೀಕೆ ಕೋಚ್‌ನ ಕೆಲಸಕ್ಕೆ ಸೀಮಿತವಾಗಿರಲಿ. ಚೆಂಡು ಕೈಬಿಟ್ಟ ಹತ್ತೊಂಬತ್ತರ ಹುಡುಗನಿಗೆ ರಾತ್ರಿ ಸಂದೇಶ ಕಳುಹಿಸುವುದು ಯಾವ ಲೆಕ್ಕದಲ್ಲೂ ಅಭಿಮಾನವಲ್ಲ.

ನಿಮ್ಮ ನಿಲುವನ್ನು ಮಾರ್ಚ್ ಮಧ್ಯದಲ್ಲಿ, ಕಾನ್ಫರೆನ್ಸ್ ಪಂದ್ಯಗಳು ಶುರುವಾಗುವ ಮೊದಲೇ ಬರೆದಿಡಿ: ಎಷ್ಟು ಸರಣಿ ಗೆದ್ದರೆ ಉಳಿಯಲಿ ಎನ್ನುತ್ತೀರಿ, ವಾಕ್‌ಗಳು ಎಷ್ಟು ಇಳಿಯಬೇಕು, ಟೂರ್ನಿ ತಪ್ಪಿದರೆ ಸಹಾಯಕರು ಸಾಕೋ ಹೆಡ್ ಕೋಚ್ ಕೂಡ ಹೋಗಬೇಕೋ. ಮೇ ಕೊನೆಯಲ್ಲಿ ಗೆಳೆಯರೊಂದಿಗೆ ವಾದಕ್ಕೆ ಕೂತಾಗ ಆ ಹಾಳೆಯನ್ನು ಮುಂದಿಟ್ಟುಕೊಂಡು ಮಾತಾಡಿ.