ಹುಂಜಕ್ಕೇಕೆ ಮೊಟ್ಟೆಕೋಳಿಯ ಆಹಾರ?

ಹಿತ್ತಲಲ್ಲಿ ಐದಾರು ಕೋಳಿ ಸಾಕಿಕೊಂಡ ಈಗಿನವರು ಮಾಡುವ ತಪ್ಪು ಒಂದೇ. ಮೊಟ್ಟೆಯ ಆತುರಕ್ಕೆ ‘ಲೇಯರ್’ ಎಂದು ಬರೆದಿರುವ ಮೊಟ್ಟೆಕೋಳಿಯ ಆಹಾರದ ಚೀಲವನ್ನು ತಂದು, ಮೊಟ್ಟೆಯಿಡುವ ಹೇಂಟೆ, ಇನ್ನೂ ಮೊಟ್ಟೆಗೆ ಬಾರದ ಎಳೆಯದು, ಹುಂಜ, ಮರಿ ಎಂಬ ಭೇದವಿಲ್ಲದೆ ಒಂದೇ ತೊಟ್ಟಿಗೆ ಸುರಿದುಬಿಡುತ್ತಾರೆ. ಕೇಳಿದರೆ, ‘ಎಲ್ಲವೂ ಕೋಳಿಯೇ ಅಲ್ಲವೇ ಅಜ್ಜಿ’ ಎಂದು ನನಗೇ ಪಾಠ ಹೇಳುತ್ತಾರೆ. ಬಾಣಂತಿಗೆ ಬಡಿಸಿದ್ದನ್ನೇ ಕೈಗೂಸಿನ ಬಾಯಿಗೂ ಇಡುತ್ತೀರೇನು?

ಲೇಯರ್ ಆಹಾರದಲ್ಲಿ ಕ್ಯಾಲ್ಸಿಯಂ ಸುಮಾರು ಶೇ. 4ರಷ್ಟಿರುತ್ತದೆ, ಬೆಳೆಯುವ ಕೋಳಿಗೂ ಹುಂಜಕ್ಕೂ ಶೇ. 1ರ ಆಸುಪಾಸು ಸಾಕು. ಹೇಂಟೆಗೆ ಅದು ಮೊಟ್ಟೆಯ ಚಿಪ್ಪಿಗೆ ಖರ್ಚಾಗುತ್ತದೆ, ಉಳಿದವುಗಳಿಗೆ ಮೂತ್ರಪಿಂಡದ ಹೊರೆಯಾಗುತ್ತದೆ. ಎಳೆಯವಕ್ಕಂತೂ ಪೆಟ್ಟು ಹೆಚ್ಚು. ಆದ್ದರಿಂದ ಚೀಲದ ಮೇಲಿನ ಚೀಟಿಯನ್ನು ಓದಿ, ಪ್ರೋಟೀನ್ ಶೇ. 16ರಿಂದ 18ರಷ್ಟಿರುವ ಗ್ರೋವರ್, ಅಂದರೆ ಬೆಳೆಯುವ ಕೋಳಿಯ ಆಹಾರವನ್ನು ಇಡೀ ಹಿಂಡಿಗೆ ಹಾಕಿ, ಹೇಂಟೆಗೆ ಬೇಕಾದ ಕ್ಯಾಲ್ಸಿಯಂಗೆ ಮೊಟ್ಟೆಚಿಪ್ಪಿನ ಚೂರನ್ನು ಬೇರೆ ಬಟ್ಟಲಿನಲ್ಲಿಡಿ. ಆರೆಂಟು ವಾರದೊಳಗಿನ ಮರಿಗಳಿಗೆ ಪ್ರೋಟೀನ್ ಶೇ. 20ರಷ್ಟಿರುವ ಸ್ಟಾರ್ಟರ್, ಅಂದರೆ ಮರಿಗಳ ಆಹಾರ ಬೇಕು. ಅದನ್ನು ದೊಡ್ಡವು ತಲೆ ತೂರಿಸಲಾಗದಷ್ಟು ಸಣ್ಣ ಸಂದಿಯ ಪಂಜರದೊಳಗಿಡಿ. ಔಷಧ ಬೆರೆಸಿದ ಸ್ಟಾರ್ಟರ್ ಆಗಿದ್ದರೆ ಹೇಂಟೆಗೆ ಒಂದು ಕಾಳೂ ಸಿಗಬಾರದು, ಅದರ ಮೊಟ್ಟೆಯನ್ನು ತಿನ್ನುವವರು ನೀವೇ.

ಇನ್ನು ಆ ಬಟ್ಟಲಿನ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ಅಡುಗೆಮನೆಯ ಮೊಟ್ಟೆಚಿಪ್ಪುಗಳನ್ನು ಲೋಳೆ ಉಳಿಯದಂತೆ ತೊಳೆದು, ಬಿಸಿಲಲ್ಲಿ ಒಣಗಿಸಿ, ಆಮೇಲೆ ಸಣ್ಣ ಉರಿಯಲ್ಲಿ ಬೆರಳಿಗೆ ಪಟಕ್ಕನೆ ಮುರಿಯುವವರೆಗೆ ಹುರಿಯಬೇಕು. ತಣಿದ ಮೇಲೆ ಕಲ್ಲಿನಿಂದ ಜಜ್ಜಿ, ಗೋಧಿಕಾಳಿನ ಅರ್ಧದಷ್ಟು ಗಾತ್ರಕ್ಕೆ ತಂದು ನಿಲ್ಲಿಸಿ. ಮೊಟ್ಟೆಯ ಆಕಾರ ಉಳಿದರೆ ಕೋಳಿ ತನ್ನ ಮೊಟ್ಟೆಯನ್ನೇ ಕುಕ್ಕುವ ಚಟ ಕಲಿಯಬಹುದು. ಮಿಕ್ಸಿಗೆ ಹಾಕಿ ಹಿಟ್ಟು ಮಾಡಿದರೆ ಹೊಟ್ಟೆಯಲ್ಲಿ ನಿಲ್ಲದೆ ಬೇಗ ಜಾರಿಹೋಗುತ್ತದೆ. ಚಿಪ್ಪು ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ, ಅದರ ಬಹುಪಾಲು ನಡೆಯುವುದು ಕೋಳಿ ಮಲಗಿರುವಾಗ. ಆಗ ಒಳಗೆ ನಿಧಾನವಾಗಿ ಕರಗುವ ದಪ್ಪ ಚೂರಿರಬೇಕು. ಅದಕ್ಕೇ ನಾನು ಗೂಡು ಸೇರುವ ಮುಂಚೆ, ಸಂಜೆ ಬಟ್ಟಲು ತುಂಬಿಸುತ್ತೇನೆ. ಮೊದಲ ವರ್ಷ ಬೆಳಿಗ್ಗೆ ಹಿಟ್ಟನ್ನೇ ಕಲಸಿ ಹಾಕಿ, ಕೈಯಲ್ಲಿ ಹಿಡಿದರೆ ತೊಗಲಿನಂತೆ ಕುಗ್ಗುವ ಮೊಟ್ಟೆಗಳನ್ನು ಎತ್ತಿದ್ದೆ. ನಮ್ಮ ಅತ್ತೆಯವರು ಏನೂ ಹೇಳದೆ ಆ ಹಿಟ್ಟಿನ ಡಬ್ಬವನ್ನು ತೆಗೆದು ಜಜ್ಜುಗಲ್ಲನ್ನು ನನ್ನ ಮುಂದೆ ಇಟ್ಟಿದ್ದರು.

ಜಜ್ಜಿದ್ದನ್ನು ಒಣ ಡಬ್ಬದಲ್ಲಿಡಿ, ಒದ್ದೆ ಕೈ ಹಾಕಬೇಡಿ. ಉಪ್ಪಿನ ಡಬ್ಬಕ್ಕೂ ಇದೇ ಮಾತು, ನಿಮ್ಮ ಮನೆಗಳ ಗಟ್ಟಿಕಟ್ಟಿದ ಉಪ್ಪನ್ನು ನಾನು ನೋಡಿದ್ದೇನೆ. ಚಿಪ್ಪಿದೆಯೆಂದು ಹರಳುಮರಳನ್ನು ಮರೆಯಬೇಡಿ. ಚಿಪ್ಪು ಕರಗುತ್ತದೆ, ಹೊಟ್ಟೆಯೊಳಗೆ ಕಾಳು ಅರೆಯಲು ಕರಗದ ಕಲ್ಲೇ ಬೇಕು. ಮುಗ್ಗಿದ ಆಹಾರವನ್ನು ಮಾತ್ರ ಒಣಗಿಸಿಯೂ ಹಾಕಬಾರದು, ಬೂಷ್ಟಿನ ವಿಷ ಬಿಸಿಲಿಗೆ ಹೋಗುವುದಿಲ್ಲ. ಹುಂಜ ಬಟ್ಟಲಿನಿಂದ ಒಂದೆರಡು ಚೂರು ಕುಕ್ಕಿದರೆ ಓಡಿಸಬೇಡಿ, ಅದು ಸಾಕೆನಿಸಿದಾಗ ತಾನೇ ಬಿಡುತ್ತದೆ. ಹೇಂಟೆ ಒಂದು ವಾರ ಮುಟ್ಟದಿದ್ದರೂ ಆಹಾರಕ್ಕೆ ಬೆರೆಸಲು ಹೋಗದೆ, ಬಟ್ಟಲನ್ನು ಅಲ್ಲಿಯೇ ಬಿಡಿ.