ಚಳಿಗಾಲದಲ್ಲಿ ಬೋಳಾಗುವ ಸೂಜಿಮರ: ನನ್ನ ಅನುಭವ

ನ್ಯೂಜೆರ್ಸಿಯ ನಮ್ಮ ಮನೆಯ ನೈಋತ್ಯಕ್ಕೆ ಒಂದು ಎತ್ತರದ ಮರ ಬೇಕಿತ್ತು. ಜುಲೈನಲ್ಲಿ ಮಧ್ಯಾಹ್ನದ ಬಿಸಿಲು ತಡೆಯಬೇಕು, ಡಿಸೆಂಬರ್‌ನಲ್ಲಿ ಅದೇ ಬಿಸಿಲನ್ನು ಕಿಟಕಿಯೊಳಗೆ ಬಿಡಬೇಕು. ಪೈನ್, ಸ್ಪ್ರೂಸ್‌ನಂಥ ಸೂಜಿ ಎಲೆಯ ಮರಗಳು ವರ್ಷವಿಡೀ ಹಸಿರು. ಅದಕ್ಕೇ ಡಾನ್ ರೆಡ್‌ವುಡ್ ನೆಟ್ಟೆ. ಜಾತಿಯಲ್ಲಿ ಸೂಜಿಮರವೇ, ಆದರೆ ಚಳಿಗೆ ಪೂರ್ತಿ ಎಲೆ ಉದುರಿಸುತ್ತದೆ.

ಇದರ ಕಥೆಯೂ ಚೆನ್ನಾಗಿದೆ. 1941ರಲ್ಲಿ ಜಪಾನಿನ ಸಸ್ಯವಿಜ್ಞಾನಿ ಶಿಗೆರು ಮಿಕಿ ಬರೀ ಪಳೆಯುಳಿಕೆ ನೋಡಿ ಮೆಟಾಸಿಕೋಯಾ ಎಂದು ಹೆಸರಿಟ್ಟರು. ಯಾವತ್ತೋ ಅಳಿದುಹೋಗಿದೆ ಅಂದುಕೊಂಡಿದ್ದ ಆ ಮರ ಚೀನಾದ ಕಣಿವೆಗಳಲ್ಲಿ ಬದುಕೇ ಇತ್ತು! 1948ರಲ್ಲಿ ಅದರ ಬೀಜ ಬಾಸ್ಟನ್ನಿನ ಆರ್ನಾಲ್ಡ್ ಅರ್ಬೊರೇಟಂ ಎಂಬ ಮರಗಳ ತೋಟಕ್ಕೆ ಬಂತು, ಅಲ್ಲಿಂದ ಊರೂರಿಗೆ ಹಂಚಿಹೋಯಿತು.

ನರ್ಸರಿಯಲ್ಲಿ ಎಲೆ ನೋಡಿಯೇ ಕೊಳ್ಳಿ. ಎಲೆ ಉದುರಿಸುವ ಇನ್ನೊಂದು ಸೂಜಿಮರ ಬಾಲ್ಡ್ ಸೈಪ್ರೆಸ್ ಕೂಡ ಹೀಗೇ ಕಾಣುತ್ತದೆ. ಎಲೆಗಳು ಕಡ್ಡಿಯ ಎರಡೂ ಕಡೆ ಎದುರುಬದುರಾಗಿದ್ದರೆ ನಮ್ಮದು. ಜೋಡಿಯಾಗಿರದೆ, ಈ ಕಡೆಯದು ಸ್ವಲ್ಪ ಮೇಲೆ ಆ ಕಡೆಯದು ಸ್ವಲ್ಪ ಕೆಳಗೆ ಇದ್ದರೆ ಸೈಪ್ರೆಸ್.

ಮಳೆನೀರು ಇಳಿದು ಬರುವ ತಗ್ಗನ್ನೇ ಆರಿಸಿಕೊಂಡೆ. ಬಿಸಿಲು ಚೆನ್ನಾಗಿರಬೇಕು, ಮಣ್ಣು ಸ್ವಲ್ಪ ಹುಳಿ ಇದ್ದರೆ ಒಳ್ಳೆಯದು. ಗುಂಡಿ ಅಗಲವಾಗಿ ತೋಡಿದೆ, ಆಳ ಮಾತ್ರ ಬೇರಿನ ಉಂಡೆಯಷ್ಟೇ. ಕುಂಡದಲ್ಲಿ ಸುತ್ತಿಕೊಂಡಿದ್ದ ಬೇರು ಬಿಡಿಸಿ ಹರಡಿದೆ. ಬುಡ ಅಗಲವಾಗುವ ಜಾಗ ಮಣ್ಣಿನ ಮೇಲೇ ಕಾಣಬೇಕು. ತರಗೆಲೆ ಹೊದಿಸಿದೆ, ಕಾಂಡಕ್ಕೆ ತಾಗದ ಹಾಗೆ. ಮೊದಲ ಬೇಸಿಗೆಗಳಲ್ಲಿ ನೀರಿನ ವಿಷಯದಲ್ಲಿ ಸೋಮಾರಿತನ ನಡೆಯಲ್ಲ. ಒಣಗಿದರೆ ಎಲೆ ತುದಿ ಕಂದಾಗಿ ಬೇಗ ಉದುರುತ್ತದೆ. ಗೊಬ್ಬರ ಹಾಕಲಿಲ್ಲ, ಅದಿಲ್ಲದೆಯೇ ವರ್ಷಕ್ಕೆ 2 ಅಡಿಗಿಂತ ಜಾಸ್ತಿ ಬೆಳೆಯಿತು. ಮುಂದೆ 100 ಅಡಿ ಆಗುವ ಮರ ಇದು. ಗೋಡೆ, ವಿದ್ಯುತ್ ತಂತಿ, ಚರಂಡಿ ಕೊಳವೆಯಿಂದ ದೂರ ಇಡಿ.

ಶರತ್ಕಾಲದಲ್ಲಿ ಮರ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಸಣ್ಣ ಕಡ್ಡಿಗಳ ಸಮೇತ ಎಲೆ ಬೀಳುತ್ತದೆ. ನಾನು ಗುಡಿಸಲ್ಲ, ಅಲ್ಲೇ ಕರಗಲಿ ಅಂತ ಬಿಡುತ್ತೇನೆ. ಪಕ್ಕದ ಮನೆಯವರು "ನಿಮ್ಮ ಮರ ಸತ್ತುಹೋಯ್ತಲ್ಲ" ಅಂತ ಪಾಪ, ಸಮಾಧಾನ ಹೇಳಲು ಬಂದಿದ್ದರು.

ಮಾಲಿಗಳು ಕೆಳಗಿನ ರೆಂಬೆ ಸವರಲು ಮುಂದಾಗುತ್ತಾರೆ, ಹುಲ್ಲು ಕತ್ತರಿಸಲು ಸುಲಭ ಅಂತ. ನಾನು ಬಿಡಲಿಲ್ಲ. ರೆಂಬೆ ನೆಲದವರೆಗೂ ಇದ್ದರೇನೇ ಬುಡ ದಪ್ಪವಾಗಿ, ಏಣು ಏಣಾಗಿ ಹರಡಿಕೊಳ್ಳುವುದು. ನನಗಂತೂ ಎಲೆಗಿಂತ ಆ ಬುಡವೇ ಚೆಂದ.