ಅಪಲೇಚಿಯನ್ ಟ್ರೇಲ್: ಅಕ್ಟೋಬರ್ ಒಳಗೆ ಕಟಾಡಿನ್ ಮುಟ್ಟುವ ಲೆಕ್ಕ

ಅಮೆರಿಕದ ಈ ಕಾಲುದಾರಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್‌ನ ಕಟಾಡಿನ್ ಶಿಖರದವರೆಗೆ 14 ರಾಜ್ಯ, ಸುಮಾರು 3,530 ಕಿ.ಮೀ. ದಕ್ಷಿಣದಿಂದ ಹೊರಟವರ ಗಡುವು ದಾರಿಯ ಕೊನೆಯಲ್ಲಿದೆ: ಕಟಾಡಿನ್ ಇರುವ ಬ್ಯಾಕ್ಸ್‌ಟರ್ ಸ್ಟೇಟ್ ಪಾರ್ಕ್‌ನಲ್ಲಿ ಅಕ್ಟೋಬರ್ ಮಧ್ಯದ ನಂತರ ರಾತ್ರಿ ತಂಗುವಂತಿಲ್ಲ. ಹವೆ ಕೆಟ್ಟರೆ ಶಿಖರದ ದಾರಿ ಇನ್ನೂ ಮೊದಲೇ ಮುಚ್ಚಬಹುದು. ಆದ್ದರಿಂದ ಅಕ್ಟೋಬರ್ 5 ಇಟ್ಟುಕೊಂಡು ಹಿಂದಕ್ಕೆ ಎಣಿಸಿ. ಏಪ್ರಿಲ್ 1ಕ್ಕೆ ಹೊರಟರೆ 187 ದಿನ. ವಿಶ್ರಾಂತಿಗೆ, ಊರಿನ ಕೆಲಸಕ್ಕೆ 25 ಕಳೆದರೆ 162. ದಿನಕ್ಕೆ ಸುಮಾರು 22 ಕಿ.ಮೀ. ಬಿತ್ತು.

ಸರಾಸರಿ ನೋಡಿ ಮೊದಲ ದಿನವೇ 22 ನಡೆದರೆ ಮೊಣಕಾಲು ಕೈಕೊಡುತ್ತದೆ. ಉಸಿರು ಬೇಗ ಪಳಗುತ್ತದೆ, ಸ್ನಾಯುರಜ್ಜು ಪಳಗಲು ತಿಂಗಳುಗಳೇ ಬೇಕು. ಮೊದಲ ವಾರ 13–16 ಕಿ.ಮೀ. ಸಾಕು, ಆಮೇಲೆ ವಾರಕ್ಕೆ 2–3 ಕಿ.ಮೀ. ಏರಿಸಿ. ವರ್ಜೀನಿಯಾದಲ್ಲಿ 25 ಸಲೀಸಾಗಿ ಬರುತ್ತದೆ.

ಏಪ್ರಿಲ್ ಆರಂಭದಲ್ಲಿ ಜಾರ್ಜಿಯಾದ ಎತ್ತರದ ಓಕ್ ಕಾಡು ಇನ್ನೂ ಬೋಳು. ಕಾಡಿನೊಳಗೇ ಬಿಸಿಲಿಗೆ ಚರ್ಮ ಸುಡುತ್ತದೆ, ಟೋಪಿ ಮರೆಯಬೇಡಿ. ಗ್ರೇಟ್ ಸ್ಮೋಕೀಸ್ ಬೆಟ್ಟಗಳಲ್ಲಿ ಸುಮಾರು 1,400–1,700 ಮೀಟರ್ ದಾಟುವಾಗ ಓಕ್ ಹೋಗಿ ಸೂಜಿ ಎಲೆಯ ಸ್ಪ್ರೂಸ್, ಫರ್ ಮರಗಳು ಬರುತ್ತವೆ. ಅಲ್ಲಿ ಏಪ್ರಿಲ್ ಕೊನೆಗೂ ಹಿಮ ಬೀಳಬಹುದು. ಕೆಳಗಿನ ಕಣಿವೆಯಲ್ಲಿ ಹೂ ಕಂಡಿತೆಂದು ಚಳಿಯ ಬಟ್ಟೆ ಮನೆಗೆ ಕಳಿಸುವುದೇ ಎಲ್ಲರೂ ಮಾಡುವ ತಪ್ಪು. ವರ್ಜೀನಿಯಾದ ಮೌಂಟ್ ರೋಜರ್ಸ್ (1,746 ಮೀ.) ದಾಟುವವರೆಗೆ ಮೈನಸ್ 7 ಡಿಗ್ರಿಯ ಸ್ಲೀಪಿಂಗ್ ಬ್ಯಾಗ್ ಬೆನ್ನ ಮೇಲೇ ಇರಲಿ.

ನಂತರದ್ದು ಎಲೆ ತುಂಬಿದ ಮರಗಳು ಕವಿದ ಹಸಿರು ಸುರಂಗ. ಇಲ್ಲಿ ಕಾಟ ರಕ್ತ ಹೀರುವ ಉಣ್ಣಿಹುಳದ್ದು. ಬಟ್ಟೆ, ಶೂಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಹೊಡೆಯಿರಿ, ರಾತ್ರಿ ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ತಡಕಿ ನೋಡಿ. ಕಚ್ಚಿದ್ದನ್ನು ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ. 24 ಗಂಟೆಯೊಳಗೆ ಕಿತ್ತರೆ ಲೈಮ್ ರೋಗದ ಅಪಾಯ ತೀರಾ ಕಡಿಮೆ. ಪೆನ್ಸಿಲ್ವೇನಿಯಾದ ಚೂಪುಗಲ್ಲುಗಳಿಗೆ ಸವೆದ ಶೂ ತಡೆಯದು. ಜೋಡಿಯೊಂದು 500–800 ಕಿ.ಮೀ. ಬಾಳುತ್ತದೆ, ಪಾದ ಊದಿ ಅಗಲವಾಗಿರುತ್ತದೆ, ಹೊಸದನ್ನು ಅರ್ಧ ಸೈಜ್ ದೊಡ್ಡದು ತರಿಸಿ. ಬೇಸಿಗೆಯ ಕೊನೆಗೆ ಅಲ್ಲಿ ಬುಗ್ಗೆಗಳು ಬತ್ತುತ್ತವೆ, 3 ಲೀಟರ್ ಹೊರುವ ವ್ಯವಸ್ಥೆ ಬೇಕು.

ತಾಳೆ ನೋಡಬೇಕಾದ ಜಾಗ ವೆಸ್ಟ್ ವರ್ಜೀನಿಯಾದ ಹಾರ್ಪರ್ಸ್ ಫೆರಿ ಊರು, ಹೊರಟಲ್ಲಿಂದ ಸುಮಾರು 1,650 ಕಿ.ಮೀ. ಅಲ್ಲಿಗೆ ಜೂನ್ ಕೊನೆಯ ವಾರ ತಲುಪಿದರೆ ಲೆಕ್ಕ ಸರಿಯಿದೆ. ಜುಲೈ 10 ದಾಟಿತೋ, ವಿಶ್ರಾಂತಿ ಕಳೆದು ಉಳಿದ ದಿನಗಳಿಗೆ ದಿನಕ್ಕೆ ಸುಮಾರು 25 ಕಿ.ಮೀ. ಬೀಳುತ್ತದೆ; ಮುಂದಿನ ಬೆಟ್ಟಗಳಲ್ಲಿ ಅದು ಆಗದ ಮಾತು. ಹಟ ಬೇಡ. ಬಸ್ಸು ಹಿಡಿದು ಕಟಾಡಿನ್‌ಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ನಡೆದು ಹಾರ್ಪರ್ಸ್ ಫೆರಿಯಲ್ಲೇ ಮುಗಿಸಿ. ಇದನ್ನು ಫ್ಲಿಪ್-ಫ್ಲಾಪ್ ಎನ್ನುತ್ತಾರೆ, ಪೂರ್ಣ ನಡಿಗೆಯೆಂದೇ ಗಣನೆ. ಇಳಿಯುವ ಶರತ್ಕಾಲದ ಬಣ್ಣವೂ ಜೊತೆಗೇ ದಕ್ಷಿಣಕ್ಕೆ ಬರುತ್ತದೆ.

ಉತ್ತರಕ್ಕೇ ನಡೆಯುವವರು ನ್ಯೂ ಹ್ಯಾಂಪ್‌ಶೈರ್‌ನ ಮೂಸಿಲಾಕ್ ಬೆಟ್ಟದ ಬುಡವನ್ನು ಆಗಸ್ಟ್ 25ರೊಳಗೆ ಮುಟ್ಟಬೇಕು. ಚಳಿಯ ಬಟ್ಟೆ ಅದಕ್ಕೂ ಮುಂಚೆ ಅಂಚೆಯಲ್ಲಿ ತರಿಸಿಕೊಳ್ಳಿ. ಮುಂದೆ ವೈಟ್ ಮೌಂಟನ್ಸ್‌ನ ಮರವಿಲ್ಲದ ದಿಬ್ಬಗಳಲ್ಲಿ ದಿನಕ್ಕೆ 13–19 ಕಿ.ಮೀ. ಅಷ್ಟೇ. ಗುಡುಗು ಕೇಳಿಸಿದರೆ ಮರಗಳ ಗೆರೆಯ ಕೆಳಗೆ ಇಳಿಯಿರಿ. ಮೇಯ್ನ್‌ನಲ್ಲಿ ಕೆನಬೆಕ್ ನದಿಗೆ ಕಾಲಿಡಬೇಡಿ: ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಏಕಾಏಕಿ ಏರುತ್ತದೆ, ದಾಟಿಸಲು ಉಚಿತ ದೋಣಿಯಿದೆ, ಅದರ ಸಮಯ ಮೊದಲೇ ತಿಳಿದುಕೊಳ್ಳಿ. ಮಾನ್ಸನ್ ಊರು ದಾಟಿದ ಮೇಲೆ ಸುಮಾರು 160 ಕಿ.ಮೀ. ಬೇರೆ ಊರಿಲ್ಲ, 8–9 ದಿನದ ಊಟ ತುಂಬಿಕೊಂಡು ಹೊರಡಿ.